ಕಾಲುವೆ ಯಾರದು?

ಒಂಬತ್ತನೆಯ ತರಗತಿಯಲ್ಲಿ ದಕ್ಷಿಣ ಭಾರತದ ನದಿಗಳ ಪಾಠ ನಡೆಯುತ್ತಿತ್ತು. ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು, ತುಂಗೆ ಇಲ್ಲಿ, ಭದ್ರೆ ಇಲ್ಲಿ, ಎರಡೂ ಕೂಡುವ ಕೂಡಲಿ ಇಲ್ಲಿ ಎಂದು ತೋರಿಸುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮೂರ ಮಗ್ಗುಲ ಕಾಲುವೆ ಯಾರದು?" ಎಂದು ಕೇಳಿದ. ಅವನ ಅಪ್ಪ ಅದನ್ನು ಬೋರ್ಡಿನ ಕಾಲುವೆ ಎನ್ನುತ್ತಾರಂತೆ. ತೀರಿಹೋದ ಮುತ್ತಜ್ಜ ಅದು ಮದ್ರಾಸಿನವರು ತೋಡಿಸಿದ್ದು ಎನ್ನುತ್ತಿದ್ದರಂತೆ. ನೀರು ತೀರುವೆ ಕೇಳುವುದು ಆಂಧ್ರ ಸರ್ಕಾರ. ಅಣೆಕಟ್ಟು ಇರುವುದು ಕರ್ನಾಟಕದಲ್ಲಿ. "ಹಾಗಾದರೆ ಯಾರದು ಸಾರ್?"

ತರಗತಿ ಗೊಳ್ಳೆಂದು ನಕ್ಕಿತು. ನಮಗೆ ನಗು ಬರಲಿಲ್ಲ. ಆ ಹುಡುಗ ಹೇಳಿದ ಮಾತುಗಳೆಲ್ಲವೂ ನಿಜ. ಆದರೆ ಅವನ್ನು ಒಟ್ಟುಗೂಡಿಸಿ ಉತ್ತರ ಹೇಳಲು ಒಂದು ಪೀರಿಯಡ್ಡು ಸಾಲದಾಯಿತು. ಅಂದು ಉಳಿದ ಪಾಠವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ಮಕ್ಕಳು ಇದನ್ನು ಮನೆಯಲ್ಲಿ ಓದಿ ಹೇಳಿದರೆ ತಂದೆತಾಯಿಯರಿಗೂ ಉಪಯೋಗವಾದೀತು. ಯಾಕೆಂದರೆ ಪಾಠದ ಕೊನೆಯ ಭಾಗ ಇರುವುದು ಅವರ ಹೊಲದಲ್ಲಿಯೇ.

ನಮ್ಮ ಆದೋನಿ, ಆಲೂರು, ರಾಯದುರ್ಗದ ಸೀಮೆ ಮಳೆಗೆ ಬಡ ಸೀಮೆ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಅದೂ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮಳೆ ಕೈಕೊಟ್ಟ ವರ್ಷ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೊಡ್ಡ ಗ್ರಂಥಗಳನ್ನು ತೆರೆಯಬೇಕಾಗಿಲ್ಲ, ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಸಾಕು. ದೀಪಾವಳಿಯ ನಂತರ ಒಂದೊಂದೇ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳತೊಡಗುತ್ತದೆ. ಮನೆಮಂದಿಯೆಲ್ಲ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿರುತ್ತಾರೆ. ಕಾಲುವೆಯ ನೀರು ಹೊಲದ ತನಕ ಬಂದ ಊರಿನ ಮಕ್ಕಳು ಬೆಂಚಿನಲ್ಲಿ ಉಳಿಯುತ್ತಾರೆ. ನೀರು ಬಾರದ ಊರಿನ ಮಕ್ಕಳು ಮಾರ್ಚಿ ತಿಂಗಳಲ್ಲಿ ಪರೀಕ್ಷೆಯ ಹೊತ್ತಿಗೆ ಬಿಸಿಲಿಗೆ ಕಪ್ಪಾಗಿ ಹಿಂದಿರುಗುತ್ತಾರೆ. ಆದ್ದರಿಂದ ಕಾಲುವೆಯ ಪಾಠ ನಮಗೆ ಬರಿಯ ಭೂಗೋಳವಲ್ಲ.

ಮೊದಲು ಚರಿತ್ರೆಯನ್ನು ನೋಡೋಣ. ತುಂಗಭದ್ರೆಗೆ ಅಣೆ ಕಟ್ಟಿ ಬಳ್ಳಾರಿ, ಅನಂತಪುರ, ಕರ್ನೂಲು, ಕಡಪ ಜಿಲ್ಲೆಗಳ ಕ್ಷಾಮವನ್ನು ನೀಗಬೇಕೆಂಬ ಆಲೋಚನೆಯನ್ನು 1860ರಲ್ಲಿ ಮುಂದಿಟ್ಟವರು ಸರ್ ಆರ್ಥರ್ ಕಾಟನ್. ಗೋದಾವರಿಗೆ ಆನೆಕಟ್ಟು ಕಟ್ಟಿಸಿದ ಇಂಜಿನಿಯರು ಇವರೇ. ಇದಾದ ಹದಿನಾರು ವರ್ಷಕ್ಕೆ, 1876ರಿಂದ 1878ರವರೆಗಿನ ದೊಡ್ಡ ಬರ ಬಂತು. ನಮ್ಮ ಹಿರಿಯರು ಧಾತು ವರ್ಷದ ಬರ ಎಂದು ಕರೆಯುತ್ತಿದ್ದುದು ಅದನ್ನೇ. ಊರುಗಳು ಬರಿದಾದವು. ಆದರೂ ಅಣೆಕಟ್ಟು ಏಳಲಿಲ್ಲ. ನದಿಯ ಒಂದು ದಡ ಮದ್ರಾಸು ಪ್ರಾಂತ್ಯದ್ದು, ಇನ್ನೊಂದು ದಡ ಹೈದರಾಬಾದು ನಿಜಾಮರದು, ಮೇಲಿನ ಹೊಳೆ ಮೈಸೂರು ಸಂಸ್ಥಾನದ್ದು. ನೀರು ಹರಿಯುತ್ತಿದ್ದುದು ಒಂದೇ ಪಾತ್ರದಲ್ಲಿ. ಮಾತು ಮಾತ್ರ ಮೂರು ಕಡೆಯಿಂದ ಆಗಬೇಕಾಗಿತ್ತು. ಆ ಮಾತು ಮುಗಿಯಲು ಎಂಬತ್ತು ವರ್ಷಗಳು ಹಿಡಿದವು.

1944ರ ಜೂನಿನಲ್ಲಿ ಮದ್ರಾಸಿಗೂ ಹೈದರಾಬಾದಿಗೂ ಒಡಂಬಡಿಕೆಯಾಯಿತು. ಜಲಾಶಯದಿಂದ ತಲಾ 65 ಟಿಎಂಸಿ ನೀರನ್ನು ತೆಗೆದುಕೊಳ್ಳುವುದೆಂದು ಒಪ್ಪಿದರು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ. ಇದರಲ್ಲೊಂದು ಸ್ವಾರಸ್ಯವಿದೆ: ಒಂದೇ ಅಣೆಕಟ್ಟಿಗೆ ಎರಡು ಅಡಿಗಲ್ಲುಗಳು. ಎಡದಂಡೆಯಲ್ಲಿ ಹೈದರಾಬಾದಿನ ಪರವಾಗಿ ಬೇರಾರಿನ ಯುವರಾಜರು ಕಲ್ಲಿಟ್ಟರೆ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಕಲ್ಲಿಟ್ಟರು. ಎರಡು ಸರ್ಕಾರಗಳ ಇಂಜಿನಿಯರುಗಳು ಎರಡು ದಡಗಳಿಂದ ಕಟ್ಟುತ್ತಾ ನಡುನದಿಯ ಕಡೆಗೆ ಬಂದರು. ಮದ್ರಾಸಿನ ಕಡೆಯ ಮುಖ್ಯ ಇಂಜಿನಿಯರಾಗಿದ್ದವರು ತಿರುಮಲೆ ಅಯ್ಯಂಗಾರ್ಯರು. ಸಿಮೆಂಟಿಗೆ ಬದಲಾಗಿ ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಲ್ಲು ಕಟ್ಟಿದರು. ಸುರ್ಕಿ ಎಂದರೆ ಇಟ್ಟಿಗೆಯ ಪುಡಿ. ನಮ್ಮ ಹಳೆಯ ಮನೆಗಳ ಮಾಳಿಗೆಗೆ ಹಾಕುತ್ತಿದ್ದುದೂ ಇಂಥದೇ ಗಾರೆ. ಆ ಕಟ್ಟಡ ಇಂದಿಗೂ ನಿಂತಿದೆ. ನೀರಿನಡಿಗೆ ತೊಂಬತ್ತರಷ್ಟು ಹಳ್ಳಿಗಳು ಹೋದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟೆದ್ದರು. ನಮ್ಮ ಹೊಲಕ್ಕೆ ನೀರು ಹಾಯುವಾಗ ಆ ಊರುಗಳನ್ನು ಒಮ್ಮೆ ನೆನೆಯಬೇಕು.

ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಹೈದರಾಬಾದು ಭಾರತದಲ್ಲಿ ಸೇರಿತು. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಈ ಕೆಲಸಕ್ಕೆ ಸ್ಥಾನ ದೊರೆಯಿತು. 1953ರಲ್ಲಿ ಕಾಲುವೆಗೆ ನೀರು ಬಿಡುವ ಹಂತಕ್ಕೆ ಬರುತ್ತಿದ್ದಂತೆಯೇ ರಾಜ್ಯಗಳ ಎಲ್ಲೆಗಳು ಬದಲಾದವು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಂದಿನ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಹೊಸಪೇಟೆಯ ಕಡೆ ಮೈಸೂರಿಗೆ ಸೇರಿತು. ನಾವು ಕನ್ನಡ ಮಾತಾಡುವವರು ಗಡಿಯ ಈಚೆಗೆ ಉಳಿದ ಕಥೆ ಇದೇ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಕಾಲುವೆಯ ಮಟ್ಟಿಗೆ ಎದ್ದ ಪ್ರಶ್ನೆಯನ್ನು ನೋಡಿ: ಅಣೆಕಟ್ಟಿನ ಬಲದಂಡೆಯ ಬಾಗಿಲು ಒಂದು ರಾಜ್ಯದಲ್ಲಿ, ಅದರ ನೀರಿಗೆ ಕಾದ ಹೊಲ ಇನ್ನೊಂದು ರಾಜ್ಯದಲ್ಲಿ. ಬಾಗಿಲ ಬೀಗದ ಕೈ ಯಾರ ಸೊಂಟದಲ್ಲಿರಬೇಕು?

ಇಲ್ಲಿಯೇ ಕೇಂದ್ರ ಸರ್ಕಾರ ಬಂದುದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು, ನೀರಾವರಿ, ಕಾಲುವೆ ಇವು ರಾಜ್ಯಪಟ್ಟಿಯ 17ನೆಯ ಬಾಬಿನಲ್ಲಿವೆ. ಎಂದರೆ ನೀರಾವರಿ ರಾಜ್ಯಗಳ ಕೆಲಸ. ಆದರೆ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹರಿಯುವ ನದಿಗಳ ನಿಯಂತ್ರಣ ಮತ್ತು ಅಭಿವೃದ್ಧಿಯನ್ನು ಸಂಸತ್ತು ಕಾನೂನಿನ ಮೂಲಕ ಕೇಂದ್ರದ ಕೈಗೆ ತೆಗೆದುಕೊಳ್ಳಬಹುದೆಂದು ಕೇಂದ್ರಪಟ್ಟಿಯ 56ನೆಯ ಬಾಬು ಹೇಳುತ್ತದೆ. ಜಗಳ ಬಿದ್ದರೆ ತೀರ್ಮಾನಿಸುವ ದಾರಿ 262ನೆಯ ಅನುಚ್ಛೇದದಲ್ಲಿದೆ. 1953ರ ಆಂಧ್ರ ರಾಜ್ಯ ಕಾಯಿದೆಯ 66ನೆಯ ವಿಧಿಯ ಅಧಿಕಾರದಿಂದ ರಾಷ್ಟ್ರಪತಿಗಳು ತುಂಗಭದ್ರಾ ಮಂಡಳಿಯನ್ನು ರಚಿಸಿದರು. ನಮ್ಮ ಜನ ಬೋರ್ಡು ಎನ್ನುವುದು ಇದನ್ನೇ.

ಮಂಡಳಿಯ ಅಧ್ಯಕ್ಷರನ್ನು ಭಾರತ ಸರ್ಕಾರ ನೇಮಿಸುತ್ತದೆ. ಸದಸ್ಯರಲ್ಲಿ ಭಾರತ ಸರ್ಕಾರದ ಪ್ರತಿನಿಧಿಯೂ ಕರ್ನಾಟಕ, ಆಂಧ್ರಪ್ರದೇಶ, 2014ರ ನಂತರ ತೆಲಂಗಾಣದ ಪ್ರತಿನಿಧಿಗಳೂ ಇರುತ್ತಾರೆ. ಹಣ? ಅದನ್ನು ಪಾಲುದಾರ ರಾಜ್ಯಗಳು ಒಪ್ಪಿಕೊಂಡ ಪ್ರಮಾಣದಲ್ಲಿ ಕೊಡುತ್ತವೆ. ನೌಕರರು? ಅವರೂ ರಾಜ್ಯಗಳ ಇಲಾಖೆಗಳಿಂದ ಎರವಲಾಗಿ ಬಂದವರು. ಹೊಸಪೇಟೆಯ ಕಚೇರಿಯಲ್ಲಿ ತೆಲುಗಿನ ಇಂಜಿನಿಯರೂ ಕನ್ನಡದ ಇಂಜಿನಿಯರೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಒಂದೇ ಲೆಕ್ಕದ ಪುಸ್ತಕವನ್ನು ನೋಡುತ್ತಾರೆ. ಗಡಿನಾಡಿನ ನಮಗೆ ಇದೇನೂ ಹೊಸತಲ್ಲ; ನಮ್ಮ ಸಂತೆಯಲ್ಲಿ ದಿನವೂ ನಡೆಯುವುದು ಇದೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರಿಗೆ ಬಂದು ಎಡದಂಡೆಯೂ ಅದೇ ರಾಜ್ಯದ್ದಾಯಿತು. ಆದರೂ ಅಣೆಕಟ್ಟೆ ಮತ್ತು ಬಲದಂಡೆಯ ಎರಡು ದೊಡ್ಡ ಕಾಲುವೆಗಳ ಮೊದಲ ಭಾಗಗಳು ಮಂಡಳಿಯ ಉಸ್ತುವಾರಿಯಲ್ಲಿಯೇ ಉಳಿದವು.

ಆ ಎರಡು ಕಾಲುವೆಗಳನ್ನು ಮಕ್ಕಳು ಸರಿಯಾಗಿ ಗುರುತಿಟ್ಟುಕೊಳ್ಳಬೇಕು. ಒಂದು ಮೇಲ್ಮಟ್ಟದ ಕಾಲುವೆ. ಇದು ಬಳ್ಳಾರಿ ಜಿಲ್ಲೆಯನ್ನು ದಾಟಿ ಬೊಮ್ಮನಹಾಳು, ಕಣೇಕಲ್ಲಿನ ಕಡೆಯಿಂದ ಅನಂತಪುರ ಜಿಲ್ಲೆಗೆ ಬಂದು ಪೆನ್ನೆಯ ಬಯಲಿಗೆ ಹೋಗುತ್ತದೆ. ರಾಯದುರ್ಗದ ಕಡೆಯವರ ಎಚ್‌ಎಲ್‌ಸಿ ಇದೇ. ಇನ್ನೊಂದು ಕೆಳಮಟ್ಟದ ಕಾಲುವೆ, ನಮ್ಮ ಎಲ್‌ಎಲ್‌ಸಿ. ಇದು ಹೊಸಪೇಟೆಯಿಂದ ಹೊರಟು ಬಳ್ಳಾರಿ ಸೀಮೆಯಲ್ಲಿ ಸುತ್ತಿ, ವೇದಾವತಿಯನ್ನು ಮೇಲ್ಗಾಲುವೆಯ ಮೂಲಕ ದಾಟಿ, ಹಾಲಹರವಿ, ಹೊಳಗುಂದಿಯ ಕಡೆಯಿಂದ ಆದೋನಿಯ ಎರೆಭೂಮಿಗೆ ಬರುತ್ತದೆ. ಮೊದಲ ಸುಮಾರು 250 ಕಿಲೋಮೀಟರ್ ಮಂಡಳಿಯದು. ಮುಂದಿನದು ಆಂಧ್ರಪ್ರದೇಶದ ನೀರಾವರಿ ಇಲಾಖೆಯದು. ಹುಡುಗನ ಅಪ್ಪ ಬೋರ್ಡಿನ ಕಾಲುವೆ ಎಂದದ್ದು ಸರಿ. ಮುತ್ತಜ್ಜನ ಮಾತೂ ಸುಳ್ಳಲ್ಲ.

ಇನ್ನು ಪಾಲಿನ ಲೆಕ್ಕ. ಕೃಷ್ಣಾ ನದಿಯ ನೀರಿನ ವಿವಾದವನ್ನು ವಿಚಾರಿಸಲು ಕೇಂದ್ರ ಸರ್ಕಾರ 1969ರಲ್ಲಿ ನೇಮಿಸಿದ ಬಚಾವತ್ ನ್ಯಾಯಾಧಿಕರಣದ ತೀರ್ಪು 1976ರಲ್ಲಿ ಜಾರಿಗೆ ಬಂತು. ಅದರಂತೆ ತುಂಗಭದ್ರಾ ಜಲಾಶಯದಿಂದ ಬಳಸಬಹುದಾದ ನೀರು 212 ಟಿಎಂಸಿ. ಆವಿಯಾಗಿ ಹೋಗುವ 18 ಟಿಎಂಸಿ ಬೇರೆ. 212ರಲ್ಲಿ ಕರ್ನಾಟಕಕ್ಕೆ 138.99, ಆಂಧ್ರಪ್ರದೇಶಕ್ಕೆ 73.01. ಆಂಧ್ರದ ಪಾಲಿನಲ್ಲಿ ಮೇಲ್ಮಟ್ಟದ ಕಾಲುವೆಗೆ 32.5, ಕೆಳಮಟ್ಟದ ಕಾಲುವೆಗೆ 24, ಕರ್ನೂಲು–ಕಡಪ ಕಾಲುವೆಗೆ 10. ಉಳಿದ ಪಾಲು ರಾಜೋಳಿಬಂಡೆ ಯೋಜನೆಗೆ. ಅದರ ಹೊಲಗಳು ಈಗ ಹೆಚ್ಚಾಗಿ ತೆಲಂಗಾಣದಲ್ಲಿವೆ. ಹೊಳೆಗೆ ಅಷ್ಟು ನೀರು ಬಾರದ ವರ್ಷ ಮಂಡಳಿ ಅಂದಾಜು ಕಟ್ಟಿ, ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. ಒಂದೇ ರೊಟ್ಟಿ, ತುಣುಕು ಚಿಕ್ಕದು.

ಟಿಎಂಸಿ ಎಂಬ ಮಾತನ್ನು ಪತ್ರಿಕೆಯಲ್ಲಿ ದಿನವೂ ಓದುತ್ತೇವೆ. ಅದರ ಅಳತೆಯನ್ನು ಮನಸ್ಸಿಗೆ ತಂದುಕೊಂಡವರು ಕಡಿಮೆ. ಒಂದು ಟಿಎಂಸಿ ಎಂದರೆ ಸಾವಿರ ದಶಲಕ್ಷ, ಅಂದರೆ ನೂರು ಕೋಟಿ ಘನ ಅಡಿ. ಒಂದು ಎಕರೆ ಎಂದರೆ 43,560 ಚದರ ಅಡಿ. ಒಂದು ಎಕರೆಯ ಮೇಲೆ ಒಂದಡಿ ನೀರು ನಿಲ್ಲಿಸಲು 43,560 ಘನ ಅಡಿ ಬೇಕು. ಭಾಗಿಸಿದರೆ, ಒಂದು ಟಿಎಂಸಿ ನೀರು ಸುಮಾರು 23,000 ಎಕರೆಯ ಮೇಲೆ ಒಂದಡಿ ನಿಲ್ಲುತ್ತದೆ. ಕಾಲುವೆಯ ಹರಿವನ್ನು ಅಳೆಯುವುದು ಕ್ಯುಸೆಕ್ಕಿನಲ್ಲಿ: ಒಂದು ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ಕ್ಯುಸೆಕ್ ಇಡೀ ದಿನ ಹರಿದರೆ ಎರಡು ಎಕರೆಯ ಮೇಲೆ ಒಂದಡಿ ನೀರು. ಈ ಲೆಕ್ಕವನ್ನು ಎಂಟನೆಯ ತರಗತಿಯವರು ತಾವೇ ಮಾಡಿ ನೋಡಲಿ.

ಈಗ ನಮ್ಮ ಕಾಲುವೆಗೆ ಬರೋಣ. ಕರ್ನೂಲು ಜಿಲ್ಲೆಯಲ್ಲಿ ಕೆಳಮಟ್ಟದ ಕಾಲುವೆಯ ಆಯಕಟ್ಟು ಸುಮಾರು 1,51,000 ಎಕರೆ. ಪಾಲು 24 ಟಿಎಂಸಿ. ಎರಡನ್ನೂ ಇಟ್ಟು ಭಾಗಿಸಿದರೆ ಎಕರೆಗೆ ಮೂರೂವರೆ ಅಡಿಗಿಂತ ಸ್ವಲ್ಪ ಹೆಚ್ಚು ನೀರು ಬರುತ್ತದೆ. ಆದರೆ ಇದು ಅಣೆಕಟ್ಟೆಯ ಬಾಯಲ್ಲಿನ ಲೆಕ್ಕ. ಇನ್ನೂರು ಮುನ್ನೂರು ಕಿಲೋಮೀಟರ್ ಬಿಸಿಲಿನಲ್ಲಿ ಹರಿದು, ಮಣ್ಣಿನ ದಂಡೆಯಲ್ಲಿ ಬಸಿದು, ದಾರಿಯಲ್ಲಿ ಯಾರು ಯಾರದೋ ಮೋಟಾರು ಎಳೆದು, ಕುಡಿಯುವ ನೀರಿಗೆ ಊರಿನ ಕೆರೆಗಳನ್ನು ತುಂಬಿಸಿ, ಮಿಕ್ಕದ್ದು ಹೊಲಕ್ಕೆ ಬರಬೇಕು. ಒಂದು ಬೆಳೆ ಭತ್ತಕ್ಕೆ ಸುಮಾರು ನಾಲ್ಕಡಿ ನೀರು ಬೇಕು. ಜೋಳಕ್ಕೆ ಒಂದೂವರೆ ಎರಡು ಅಡಿ ಸಾಕು, ಅದರಲ್ಲಿಯೂ ಒಂದು ಭಾಗವನ್ನು ಮಳೆಯೇ ಕೊಡುತ್ತದೆ. ಎಲ್ಲರೂ ಭತ್ತ ಹಾಕಿದರೆ ನೀರು ಎಲ್ಲರಿಗೂ ಮುಟ್ಟದು ಎಂಬುದು ಕಾಗದದ ಮೇಲೆಯೇ ಕಾಣುತ್ತದೆ.

ಯೋಜನೆ ಮಾಡಿದವರಿಗೆ ಇದು ತಿಳಿಯದಿರಲಿಲ್ಲ. ತುಂಗಭದ್ರೆಯ ಕಾಲುವೆಗಳ ಉದ್ದೇಶ ಕ್ಷಾಮದಿಂದ ರಕ್ಷಣೆ. ಕೆಲವರಿಗೆ ಹೊಟ್ಟೆ ಬಿರಿಯ ಕೊಡುವುದಕ್ಕಿಂತ ಬಹಳ ಜನಕ್ಕೆ ಸ್ವಲ್ಪ ಸ್ವಲ್ಪ ಕೊಡಬೇಕೆಂದು, ನೀರನ್ನು ತೆಳ್ಳಗೆ ಹರಡಲು ಯೋಚಿಸಿದರು. ಇಂಥ ಸರ್ವೆ ನಂಬರಿನಲ್ಲಿ ಭತ್ತ, ಇಂಥದರಲ್ಲಿ ಜೋಳ, ಹತ್ತಿ, ಶೇಂಗಾ ಎಂದು ಗೊತ್ತುಮಾಡಿದರು. ಇದಕ್ಕೆ ಲೋಕಲೈಜೇಷನ್ ಎಂದು ಹೆಸರು. ಹಳೆಯ ರೈತರಿಗೆ ಈ ಮಾತು ಬಾಯಿಪಾಠ. ಆದರೆ ನೀರು ಮೊದಲು ಸಿಗುವ ತಲೆಭಾಗದ ರೈತ ತನ್ನ ಹೊಲದ ಮುಂದೆ ತುಂಬಿ ಹರಿಯುವ ಕಾಲುವೆಯನ್ನು ನೋಡುತ್ತಾ ಜೋಳ ಬಿತ್ತುವನೇ? ಅವನು ಭತ್ತ ಹಾಕಿದ. ಇನ್ನೊಬ್ಬ ಕಬ್ಬು ಹಾಕಿದ. ಕೊನೆಭಾಗದವನು ತೂಬಿನ ಮೇಲೆ ಕುಳಿತು ಕಾದ. ಇದನ್ನು ಒಬ್ಬರ ಮೇಲೆ ದೂರಾಗಿ ಹೇಳುತ್ತಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ತಲೆಭಾಗದವರ ಮಕ್ಕಳೂ ಇದ್ದಾರೆ, ಕೊನೆಭಾಗದವರ ಮಕ್ಕಳೂ ಇದ್ದಾರೆ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಇಲ್ಲಿಗೆ ಪಾಲುದಾರಿಕೆಯ ಒಂದು ದೌರ್ಬಲ್ಯ ಗೊತ್ತಾಗುತ್ತದೆ. ದಿಲ್ಲಿ, ಬೆಂಗಳೂರು, ಹೈದರಾಬಾದುಗಳ ನಡುವಿನ ಪಾಲು ಕಾಗದದ ಮೇಲಿತ್ತು. ಅದಕ್ಕೆ ರಾಷ್ಟ್ರಪತಿಗಳ ಅಧಿಸೂಚನೆಯಿತ್ತು, ನ್ಯಾಯಾಧಿಕರಣದ ಮುದ್ರೆಯಿತ್ತು. ಕರ್ನಾಟಕಕ್ಕೆ ಎಷ್ಟು ಆಂಧ್ರಕ್ಕೆ ಎಷ್ಟು ಎಂಬುದನ್ನು ದಶಾಂಶ ಬಿಂದುವಿನ ಮುಂದೆ ಎರಡು ಅಂಕಿಯವರೆಗೆ ಬರೆದಿದ್ದರು. ಒಂದೇ ತೂಬಿನ ಕೆಳಗಿನ ಎರಡು ಹೊಲಗಳ ನಡುವಿನ ಪಾಲನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಆ ಕೊರತೆಯನ್ನು ಕೇಂದ್ರ ಸರ್ಕಾರವೇ ಮೊದಲು ಗಮನಕ್ಕೆ ತೆಗೆದುಕೊಂಡಿತು ಎನ್ನಬೇಕು. 1974–75ರಿಂದ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಕೇಂದ್ರವೂ ರಾಜ್ಯವೂ ಹಣ ಹಾಕಿ, ತೂಬಿನಿಂದ ಹೊಲದವರೆಗೆ ಹೊಲಗಾಲುವೆ ತೋಡುವುದು, ಭೂಮಿ ಮಟ್ಟ ಮಾಡುವುದು, ಹೆಚ್ಚಾದ ನೀರು ಹೋಗಲು ಬಸಿಗಾಲುವೆ ಮಾಡುವುದು, ಸರದಿಯಂತೆ ನೀರು ಬಿಡುವ ವಾರಬಂದಿ ಏರ್ಪಾಡು ತರುವುದು ಇದರ ಕೆಲಸ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿಯೂ ಈ ಕೆಲಸ ನಡೆಯಿತು. ಬಸಿಗಾಲುವೆಯ ಮಾತನ್ನು ಮಕ್ಕಳು ಹಗುರವಾಗಿ ತಿಳಿಯಬಾರದು. ಎರೆಭೂಮಿಯಲ್ಲಿ ನೀರು ನಿಂತರೆ ಸವುಳು ಮೇಲೇಳುತ್ತದೆ. ಎಡದಂಡೆಯ ಕಡೆ ಹಾಗೆ ಕೆಟ್ಟ ಹೊಲಗಳು ಬಹಳ. ನೀರಿಲ್ಲದೆ ಕೆಟ್ಟ ಹೊಲ ಒಂದು ಮಳೆಗೆ ಚೇತರಿಸಿಕೊಳ್ಳುತ್ತದೆ, ನೀರು ಹೆಚ್ಚಾಗಿ ಕೆಟ್ಟ ಹೊಲ ಹಾಗಲ್ಲ.

ಆದರೆ ಸರ್ಕಾರ ತೋಡಿಸಿದ ಹೊಲಗಾಲುವೆಯನ್ನು ಮರುವರ್ಷ ಯಾರು ಹೂಳೆತ್ತಬೇಕು? ಇದಕ್ಕಾಗಿ ಆಂಧ್ರಪ್ರದೇಶ 1997ರಲ್ಲಿ ರೈತರಿಂದ ನೀರಾವರಿ ವ್ಯವಸ್ಥೆಗಳ ನಿರ್ವಹಣೆಯ ಕಾಯಿದೆಯನ್ನು ಮಾಡಿತು. ರಾಜ್ಯದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ನೀರು ಬಳಕೆದಾರರ ಸಂಘಗಳು ಏರ್ಪಟ್ಟವು. ಅವುಗಳ ಮೇಲೆ ಉಪಕಾಲುವೆಯ ಸಮಿತಿ, ಅದರ ಮೇಲೆ ಯೋಜನೆಯ ಸಮಿತಿ. ಆಯಕಟ್ಟಿನಲ್ಲಿ ಭೂಮಿಯುಳ್ಳ ಪ್ರತಿಯೊಬ್ಬ ರೈತನಿಗೂ ಮತವಿದೆ. ತಾಯಿಯ ಹೆಸರಿನಲ್ಲಿ ಪಟ್ಟಾ ಇದ್ದರೆ ತಾಯಿಗೇ ಮತ. ಇದನ್ನು ಮಕ್ಕಳು ಮನೆಯಲ್ಲಿ ಹೇಳಬೇಕು, ಹಲವು ತಾಯಂದಿರಿಗೆ ಇದು ತಿಳಿದಿಲ್ಲ. ನಡುವೆ ಕೆಲವು ವರ್ಷ ಚುನಾವಣೆಗಳು ನಿಂತು ಸಂಘಗಳು ಸೊರಗಿದ್ದವು. 2024ರ ಡಿಸೆಂಬರಿನಲ್ಲಿ ಮತ್ತೆ ಚುನಾವಣೆ ನಡೆಯಿತು. ಕರ್ನಾಟಕದಲ್ಲಿಯೂ 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಎಡೆ ಮಾಡಿದರು.

ಕಾಯಿದೆ ಬರುವ ಮೊದಲೇ ನಮ್ಮ ಕರ್ನೂಲು ಜಿಲ್ಲೆಯ ಕೆಲವು ಹಳ್ಳಿಗಳು ಈ ಕೆಲಸವನ್ನು ತಾವಾಗಿಯೇ ಮಾಡುತ್ತಿದ್ದವು ಎಂಬುದು ಹೆಮ್ಮೆಯ ಸಂಗತಿ. ರಾಬರ್ಟ್ ವೇಡ್ ಎಂಬ ವಿದ್ವಾಂಸರು ಕಾಲುವೆ ನೀರಿನ ಹಳ್ಳಿಗಳನ್ನು ಸುತ್ತಿ ನೋಡಿ ಒಂದು ಪುಸ್ತಕ ಬರೆದರು. ಅದು 1988ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಊರಿನ ಹಿರಿಯರ ಒಂದು ಕೂಟ, ಊರಿನದೇ ಒಂದು ನಿಧಿ, ಹೊಲ ಕಾಯುವ ಕಾವಲುಗಾರರು, ಎಲ್ಲರ ಹೊಲಕ್ಕೂ ಸರದಿಯಂತೆ ನೀರು ಹಾಯಿಸುವ ನೀರುಗಂಟಿಗಳು. ಇವರಿಗೆ ಸರ್ಕಾರದ ಸಂಬಳವಿಲ್ಲ. ಕುಯಿಲಾದ ಹೊಲದಲ್ಲಿ ಕುರಿಮಂದೆ ಮೇಯಿಸುವ ಹಕ್ಕನ್ನು ಹರಾಜು ಹಾಕಿದ ಹಣವೂ ಊರಿನ ನಿಧಿಗೆ ಬರುತ್ತಿತ್ತು. ಅವರು ಕಂಡ ಮುಖ್ಯ ವಿಷಯ ಇದು: ಇಂಥ ಏರ್ಪಾಡು ಎಲ್ಲ ಊರುಗಳಲ್ಲೂ ಇರಲಿಲ್ಲ. ನೀರು ಸುಲಭವಾಗಿ ಸಿಗುವ ತಲೆಭಾಗದ ಊರುಗಳಲ್ಲಿ ಅದರ ಗೊಡವೆಯೇ ಇಲ್ಲ. ನೀರು ಬರುವುದೋ ಬಾರದೋ ಎಂಬ ಆತಂಕವಿದ್ದ ಕೊನೆಭಾಗದ ಊರುಗಳಲ್ಲಿಯೇ ಜನ ಒಟ್ಟುಗೂಡಿದ್ದರು. ಕಾಯಿದೆಯ ಸಂಘಕ್ಕೆ ಅಧ್ಯಕ್ಷರನ್ನು ಆರಿಸಿ ಸುಮ್ಮನಾದ ಊರಿಗೂ, ಸಂಜೆಯ ಹೊತ್ತು ಗುಡಿಯ ಕಟ್ಟೆಯ ಮೇಲೆ ಕುಳಿತು ನಾಳೆಯ ನೀರು ಯಾರ ಹೊಲಕ್ಕೆ ಎಂದು ಗೊತ್ತುಮಾಡುವ ಊರಿಗೂ ಇರುವ ವ್ಯತ್ಯಾಸವನ್ನು ನಮ್ಮ ಕಡೆ ಇಂದಿಗೂ ನೋಡಬಹುದು.

ಮೇಲಿನ ಪಾಲುದಾರರಿಗೂ ಕಷ್ಟಗಳು ಕಡಿಮೆಯಿಲ್ಲ. ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ 2016ರ ಅಳತೆಯಲ್ಲಿ ಅದು 105.788ಕ್ಕೆ ಇಳಿದಿದೆ. ಕಳೆದು ನೋಡಿ: 27 ಟಿಎಂಸಿಯ ಜಾಗವನ್ನು ಮಣ್ಣು ನುಂಗಿದೆ. ನಮ್ಮ ಕಾಲುವೆಯ ಇಡೀ ವರ್ಷದ ಪಾಲಿಗಿಂತ ಅದು ಹೆಚ್ಚು. ತುಂಬಿದ ಮೇಲೆ ಬಂದ ಪ್ರವಾಹ ಹೊಳೆಯಲ್ಲಿ ಹರಿದುಹೋಗುತ್ತದೆ, ಬೇಸಿಗೆಗೆ ಉಳಿಯುವುದಿಲ್ಲ. ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಇನ್ನೊಂದು ಜಲಾಶಯ ಕಟ್ಟಿ ಆ ನೀರನ್ನು ಹಿಡಿಯುವ ಪ್ರಸ್ತಾಪವನ್ನು ಕರ್ನಾಟಕ ಮುಂದಿಟ್ಟಿದೆ. ಪಾಲುದಾರರೆಲ್ಲ ಒಪ್ಪದೆ ಅದು ಮುಂದೆ ಹೋಗುವಂತಿಲ್ಲ. ಎಂಬತ್ತು ವರ್ಷದ ಹಳೆಯ ಮಾತುಕತೆಯ ಚರಿತ್ರೆಯನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಮಕ್ಕಳು ಮರೆತಿರಲಾರರು. ಜಲಾಶಯ ತುಂಬಿ ನಿಂತಿದ್ದಾಗ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಒಡ್ಡಿನ ಮೇಲಿನ ಭಾರ ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಹೊಲದಲ್ಲಿ ನಾಟಿ ಮುಗಿಸಿದವರು, ಹತ್ತಿ ಬಿತ್ತಿದವರು ರೇಡಿಯೋ, ಫೋನು ಹಿಡಿದು ಕುಳಿತರು. ಅಣೆಕಟ್ಟಿನ ಬಾಗಿಲುಗಳ ಕೆಲಸದಲ್ಲಿ ಪಳಗಿದ ಹಿರಿಯ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೊಸಪೇಟೆಯ ಸುತ್ತಿನ ಕಾರ್ಖಾನೆಗಳಲ್ಲಿ ಉಕ್ಕಿನ ಹಲಗೆಗಳನ್ನು ಮಾಡಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಕಿಂಡಿಯನ್ನು ಮುಚ್ಚಿದರು. ಅಂದು ಯಾವ ರಾಜ್ಯದವರು ಎಷ್ಟು ಗಂಟೆ ದುಡಿದರು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಪುಣ್ಯಕ್ಕೆ ಹಿಂಗಡೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಆದರೆ ಎಪ್ಪತ್ತು ವರ್ಷದ ಬಾಗಿಲುಗಳನ್ನೆಲ್ಲ ಬದಲಿಸಬೇಕೆಂದು ತಜ್ಞರು ಹೇಳಿದರು. 2025ರ ಮಳೆಗಾಲದಲ್ಲಿ ಸುರಕ್ಷತೆಗಾಗಿ 80 ಟಿಎಂಸಿಗಿಂತ ಹೆಚ್ಚು ನೀರು ನಿಲ್ಲಿಸಲಿಲ್ಲ. ಬಾಗಿಲು ಕಟ್ಟೆಯ ಮೇಲಿನದಾದರೂ ಅದರ ಪೆಟ್ಟು ಬೀಳುವುದು ಕೊನೆಯ ತೂಬಿಗೆ.

ಹುಡುಗನ ಪ್ರಶ್ನೆಗೆ ಇಷ್ಟು ಹೇಳಿದ ಮೇಲೂ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. "ನಮ್ಮ ಹೊಲದ ಮುಂದಿನದು ಯಾರದು ಸಾರ್?" ಎಂದ. ಆದ್ದರಿಂದ ಒಂದು ಶನಿವಾರ ಮಧ್ಯಾಹ್ನ ತರಗತಿಯನ್ನು ಕರೆದುಕೊಂಡು ಅವನ ಊರಿಗೇ ಹೋದೆವು. ದೊಡ್ಡ ಕಾಲುವೆಯ ದಂಡೆಯ ಮೇಲೆ ನಿಂತು, ಇಲ್ಲಿಯವರೆಗೆ ಮಂಡಳಿ ಎಂದೆವು. ಉಪಕಾಲುವೆಯ ಬಾಗಿಲ ಬಳಿ ಬಂದು, ಇಲ್ಲಿಂದ ಇಲಾಖೆ ಎಂದೆವು. ತೂಬಿನ ಕಲ್ಲಿನ ಮೇಲೆ ಕೈಯಿಟ್ಟು, ಇಲ್ಲಿಂದ ಸಂಘ ಎಂದೆವು. ಅಲ್ಲಿಂದ ಮುಂದೆ ಜಾಲಿ ಬೆಳೆದು, ಹೂಳು ತುಂಬಿ, ಹೊಲಗಾಲುವೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಮಕ್ಕಳು ಹೊಲಗಳನ್ನು ಎಣಿಸುತ್ತಾ ನಡೆದರು. ಆ ಹುಡುಗನದು ತೂಬಿನಿಂದ ಹನ್ನೊಂದನೆಯ ಹೊಲ. ಹಿಂದಿನ ವರ್ಷ ನೀರು ಒಂಬತ್ತನೆಯ ಹೊಲದವರೆಗೆ ಬಂದು ನಿಂತಿತ್ತು.

ಅವನ ಅಪ್ಪ ಬದುವಿನ ಮೇಲೆ ನಿಂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂಬತ್ತನೆಯ ಹೊಲದವರೂ ಅಲ್ಲಿಯೇ ಇದ್ದರು. "ಎಷ್ಟು ದೂರ ಐತಿ ಸಾರ್ ಇದು, ಅಳದ್ರೇನು?" ಎಂದು ಅವರೇ ಕೇಳಿದರು. ಮಕ್ಕಳು ಶಾಲೆಯ ಟೇಪು ಹಿಡಿದು ಅಳೆದರು. ನೂರ ನಲವತ್ತು ಮೀಟರ್. ಬರುವ ಅಮಾವಾಸ್ಯೆಗೆ ಎತ್ತು ಹೂಡದ ದಿನ, ಹನ್ನೊಂದು ಮನೆಯವರೂ ಸಲಿಕೆ ತರುವುದೆಂದು ಅಲ್ಲಿಯೇ ಮಾತಾಯಿತು. ಜಾಲಿ ಕಡಿಯುವುದು ಯಾರು ಎಂಬುದು ಮಾತ್ರ ಅಂದು ಗೊತ್ತಾಗಲಿಲ್ಲ.